ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ: ಮಲೆನಾಡಿನ ಹಳೇ ಕಂಪ್ಯೂಟರುಗಳನ್ನು ಏನು ಮಾಡಬೇಕು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ದೀಪಾವಳಿಗೆ ಇನ್ನು ಒಂದು ವಾರವೂ ಇರಲಿಲ್ಲ. ಹೊಸ ಲ್ಯಾಪ್‌ಟಾಪ್ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವಂತಿರಲಿಲ್ಲ. ಅಂದಿನಿಂದ ಎರಡು ಮಾತು ಓಡಾಡುತ್ತಿವೆ. "ಇನ್ನು ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಿದರೆ ದುಡ್ಡು ಹೋಯಿತು ಅಂತಲೇ ಲೆಕ್ಕ" ಎನ್ನುವುದು ಒಂದು. "ಏನೂ ಆಗಲ್ಲ ಬಿಡ್ರಿ, ನಮ್ಮಲ್ಲಿ ಇನ್ನೂ ವಿಂಡೋಸ್ 7 ಓಡ್ತಿದೆ" ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧವೇ ಮುಖ್ಯವಾದದ್ದು, ಅದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದಂಥ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿನ ಡಿಟಿಪಿ ಅಂಗಡಿ, ಅಡಿಕೆ ಮಂಡಿ, ಸೊಸೈಟಿ, ಟ್ಯುಟೋರಿಯಲ್‌ಗಳಲ್ಲಿ ಓಡುತ್ತಿರುವ ಯಂತ್ರಗಳಲ್ಲಿ ಬೆಂಗಳೂರಿನ ಕಚೇರಿಗಳು ಬಳಸಿ ಬಿಟ್ಟ, ಅಲ್ಲಿನ ಕಂಪ್ಯೂಟರ್ ಪೇಟೆಯಾದ ಎಸ್.ಪಿ. ರಸ್ತೆ ಹಾದು ಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳು ಕಡಿಮೆಯೇನಲ್ಲ. ಮೈಕ್ರೋಸಾಫ್ಟ್‌ನ ಗೆರೆಯ ಆಚೆ, ಅಂದರೆ ಹೊಸ ವಿಂಡೋಸ್ 11 ಹಾಕಲು ಬಿಡದ ಕಡೆ, ಬಿದ್ದಿರುವುದು ಹೆಚ್ಚಾಗಿ ಇಂಥವೇ.

ನಿಂತದ್ದು ಏನು, ನಿಲ್ಲದ್ದು ಏನು

ಕಂಪ್ಯೂಟರ್ ನಿಲ್ಲುವುದಿಲ್ಲ. ಎಂದಿನಂತೆ ಆನ್ ಆಗುತ್ತದೆ, ಪ್ರಿಂಟ್ ತೆಗೆಯುತ್ತದೆ, ಕಡತ ತೆರೆಯುತ್ತದೆ. ನಿಂತಿರುವುದು ದುರಸ್ತಿ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ, ಅಂದರೆ ನಮ್ಮ ಲೆಕ್ಕದಲ್ಲಿ ಮಂಗಳವಾರ ರಾತ್ರಿ, ಆ ತಿಂಗಳು ಗೊತ್ತಾದ ಭದ್ರತಾ ದೋಷಗಳಿಗೆ ತೇಪೆ ಕಳಿಸುತ್ತದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಹತ್ತು ವರ್ಷ ಹೀಗೆ ಬಂದ ತೇಪೆಗಳು ಈಗ ತಾವಾಗಿ ಬರುವುದಿಲ್ಲ. ಮಲೆನಾಡಿನವರಿಗೆ ಹೀಗೆಂದರೆ ಬೇಗ ಅರ್ಥವಾದೀತು: ಮಳೆಗಾಲಕ್ಕೆ ಮುಂಚೆ ಬಂದು ಹೆಂಚು ಕೈಯಾಡಿಸುತ್ತಿದ್ದವನು ಇನ್ನು ಬರುವುದಿಲ್ಲ ಎಂದಿದ್ದಾನೆ. ಮನೆ ನಾಳೆಯೇ ಬೀಳುವುದಿಲ್ಲ. ಆದರೆ ಒಡೆದ ಹೆಂಚು ಒಡೆದೇ ಇರುತ್ತದೆ.

ಕೆಲವು ಕೈಯಾಸರೆಗಳು ಇನ್ನೂ ಇವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ವೈರಸ್ಸುಗಳ ಗುರುತಿನ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರಲಿದೆ. ಎಡ್ಜ್ ಬ್ರೌಸರಿಗೂ ಕನಿಷ್ಠ ಅಲ್ಲಿಯವರೆಗೆ ಅಪ್‌ಡೇಟ್ ಇದೆ. ಗೂಗಲ್‌ನ ಕ್ರೋಮ್, ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ನಿಂತ ಮೇಲೂ ಮೂರು ವರ್ಷ ಅದರ ಕೈಬಿಟ್ಟಿರಲಿಲ್ಲ. ಹಾಗಾಗಿ "ಬ್ಯಾಂಕಿನ ವೆಬ್‌ಸೈಟ್ ತೆರೆಯುವುದೇ ಇಲ್ಲ" ಎಂಬ ಭಯ ಸದ್ಯಕ್ಕೆ ಬೇಡ. ಒಂದು ವಿಷಯ ಮಾತ್ರ ಸುದ್ದಿಯಲ್ಲಿ ಕಳೆದೇ ಹೋಯಿತು: ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿದಿದೆ. ಮಂಡಿಯ ಎಕ್ಸೆಲ್, ಶಾಲೆಯ ವರ್ಡ್ ಹೆಚ್ಚಾಗಿ ಆ ಕಾಲದವೇ.

ಹಾಗಾದರೆ ಅಪಾಯ ಎಲ್ಲಿದೆ

ವಿಂಡೋಸ್ 10 ಮತ್ತು 11ರ ಒಳಗಿನ ಬಹಳಷ್ಟು ಭಾಗ ಒಂದೇ. 11ರಲ್ಲಿ ಒಂದು ದೋಷ ಸರಿಪಡಿಸಿದಾಗ, ತೇಪೆಯ ಮೊದಲಿನ ಕಡತ ಮತ್ತು ನಂತರದ ಕಡತ ಹೋಲಿಸಿ ನೋಡಿದರೆ ತೂತು ಎಲ್ಲಿತ್ತು ಎಂದು ಬಲ್ಲವರಿಗೆ ತಿಳಿದುಬಿಡುತ್ತದೆ. ಅದೇ ತೂತು 10ರಲ್ಲಿ ತೆರೆದೇ ಇರುತ್ತದೆ. ಹೊಸದಕ್ಕೆ ಮಾಡುವ ರಿಪೇರಿಯೇ ಹಳೆಯದರ ಕನ್ನಕ್ಕೆ ನಕ್ಷೆ ಆಗುತ್ತದೆ. ತಿಂಗಳು ಕಳೆದಂತೆ ಇವು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಮೊದಲ ತಿಂಗಳಿಗಿಂತ ಹದಿನೆಂಟನೇ ತಿಂಗಳು ಹೆಚ್ಚು ಅಪಾಯಕಾರಿ ಎನ್ನುವುದು ಇದಕ್ಕೇ.

ಗಡುವು ಮುಗಿದ ಮರುತಿಂಗಳೇ, ನವೆಂಬರ್ 11ರ ಕಂತಿನಲ್ಲಿ, ವಿಂಡೋಸಿನ ತಿರುಳಾದ ಕರ್ನೆಲ್‌ನ ಒಂದು ದೋಷಕ್ಕೆ ತೇಪೆ ಬಂತು. ಅದನ್ನು ಅದಾಗಲೇ ಯಾರೋ ಬಳಸಿಕೊಳ್ಳುತ್ತಿದ್ದರು. ಅದು ಹೊರಗಿನಿಂದ ನೇರ ನುಗ್ಗಲು ಬಿಡುವ ದೋಷವಲ್ಲ, ಒಳಗೆ ಕಾಲಿಟ್ಟವನಿಗೆ ಯಜಮಾನಿಕೆ ಕೊಡುವ ದೋಷ. ಒಳಗೆ ಕಾಲಿಡುವುದು ಹೇಗೆ? ಗಿರಾಕಿ ತಂದ ಪೆನ್‌ಡ್ರೈವಿನಿಂದ, ಇಮೇಲಿನಲ್ಲಿ ಬಂದ ಬಿಲ್ಲಿನಿಂದ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಮನೆಯಲ್ಲಿ ಮಕ್ಕಳು ಪಾಠ ಕೇಳುವ ಕಂಪ್ಯೂಟರಿಗೂ ಅಪಾಯ ಒಂದೇ ಅಲ್ಲ ಎಂಬುದು ಇಲ್ಲೇ ಸ್ಪಷ್ಟ. ದಿನಕ್ಕೆ ಮೂವತ್ತು ಪೆನ್‌ಡ್ರೈವ್ ಚುಚ್ಚುವ ಯಂತ್ರದ ಬಾಗಿಲು ದಿನಕ್ಕೆ ಮೂವತ್ತು ಸಲ ತೆರೆಯುತ್ತದೆ.

ದೊಡ್ಡ ಉದಾಹರಣೆ 2017ರ ವನ್ನಾಕ್ರೈ, ಕಡತಗಳಿಗೆ ಬೀಗ ಜಡಿದು ಬಿಡಿಸಲು ದುಡ್ಡು ಕೇಳಿದ ವೈರಸ್. ಅದಕ್ಕೆ ತೇಪೆ ಮಾರ್ಚಿನಲ್ಲೇ ಬಂದಿತ್ತು, ದಾಳಿಯಾದದ್ದು ಮೇ 12ರಂದು. ಬೆಂಬಲ ಇದ್ದೂ ತೇಪೆ ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಇಲ್ಲಿ ನಮ್ಮೂರಿನ ಒಂದು ಅಭ್ಯಾಸವನ್ನೂ ಹೇಳಬೇಕು. ಅಸೆಂಬಲ್ ಮಾಡಿಸಿದ ಯಂತ್ರಗಳಲ್ಲಿ ಎಷ್ಟೋ ಕಡೆ ಇರುವುದು ದುಡ್ಡು ಕೊಡದೆ ಕ್ರ್ಯಾಕ್ ಮಾಡಿದ ವಿಂಡೋಸ್. ಕ್ರ್ಯಾಕ್ ಹಾಕುವಾಗ ಡಿಫೆಂಡರ್ ಆಫ್ ಮಾಡಿರುತ್ತಾರೆ, ಅಪ್‌ಡೇಟೂ ಬಂದ್ ಮಾಡಿರುತ್ತಾರೆ. ಅಂಥ ಯಂತ್ರದ ಪಾಲಿಗೆ ಅಕ್ಟೋಬರ್ 14 ಯಾವತ್ತೋ ಬಂದು ಹೋಗಿದೆ.

ಮೈಕ್ರೋಸಾಫ್ಟ್ ಏನನ್ನುತ್ತದೆ, ಎದುರಿನವರು ಏನನ್ನುತ್ತಾರೆ

ಹಳೆಯದಕ್ಕೆ ಹತ್ತು ಹನ್ನೆರಡು ವರ್ಷ ಬೆಂಬಲ ಕೊಟ್ಟು ನಿಲ್ಲಿಸುವುದು ಹೊಸತಲ್ಲ, ಎಕ್ಸ್‌ಪಿಗೂ ವಿಂಡೋಸ್ 7ಕ್ಕೂ ಹಾಗೇ ಆಗಿತ್ತು. ಈ ಸಲದ ಜಗಳ ಬೇರೆ. ಹಿಂದೆಲ್ಲ ಹಳೇ ಯಂತ್ರಕ್ಕೇ ಹೊಸ ವಿಂಡೋಸ್ ಹಾಕಿಕೊಳ್ಳಬಹುದಿತ್ತು, ಸ್ವಲ್ಪ ತೆವಳುತ್ತಿತ್ತು ಅಷ್ಟೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಮಾತ್ರ ಬಾಗಿಲಲ್ಲೇ ತಡೆಯುತ್ತದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯಂತ್ರ ಏಳುವಾಗ ತಪಾಸಣೆ ಮಾಡುವ ಸೆಕ್ಯೂರ್ ಬೂಟ್, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸತು, ಎಎಂಡಿ ಆದರೆ ಬಹುಮಟ್ಟಿಗೆ ರೈಜೆನ್ 2000 ಸರಣಿಯಿಂದ ಮೇಲಿನದು ಬೇಕು.

ಕಂಪನಿಯ ವಾದ: ಪಾಸ್‌ವರ್ಡ್ ಮತ್ತು ಗೂಢಲಿಪಿಯ ಕೀಲಿಗಳನ್ನು ಸಾಫ್ಟ್‌ವೇರಿನ ಕೈಗೆ ಸಿಗದಂತೆ ಚಿಪ್ಪಿನೊಳಗೆ ಇಡಬೇಕು, ಯಂತ್ರ ಏಳುವಾಗಲೇ ಯಾರೂ ಕೈ ಹಾಕಿಲ್ಲವೆಂದು ಖಾತ್ರಿಯಾಗಬೇಕು. ತಾಂತ್ರಿಕವಾಗಿ ಇದು ಸುಳ್ಳಲ್ಲ. ವಿಮರ್ಶಕರ ವಾದ: ಚಿಪ್ಪಿನ ಮಾತು ಒಪ್ಪೋಣ, ಆದರೆ ಟಿಪಿಎಂ 2.0 ಇರುವ ಆರನೇ, ಏಳನೇ ತಲೆಮಾರಿನ ಯಂತ್ರಗಳನ್ನೂ ಹೊರಗಿಟ್ಟದ್ದು ಏಕೆ? ಅವು ಎಂಟರಿಂದ ಹತ್ತು ವರ್ಷ ಹಳೆಯವಷ್ಟೇ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿದರೆ ಇವತ್ತಿಗೂ ಚುರುಕಾಗಿ ಓಡುತ್ತವೆ. ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ, ಈ ನಿರ್ಧಾರದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಗೆ ಹೋಗಬಹುದೆಂದು ಅಂದಾಜು ಮಾಡಿತ್ತು. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಗಡುವು ಮುಂದೂಡಿ ಎಂದು ಪತ್ರ ಬರೆಯಿತು. ಯುರೋಪಿನ ಒತ್ತಡಕ್ಕೆ ಕಂಪನಿ ಸ್ವಲ್ಪ ಬಗ್ಗಿತು, ಗಡುವಿನ ನಂತರವೂ ತೇಪೆ ಕೊಡುವ ಯೋಜನೆಯ (ಅದರ ಮಾತು ಮುಂದಿದೆ) ಷರತ್ತನ್ನು ಅಲ್ಲಿಯವರಿಗೆ ಸಡಿಲಿಸಿತು. ನಮಗೆ ಆ ರಿಯಾಯಿತಿ ಇಲ್ಲ.

ನನ್ನ ತಕ್ಕಡಿ ವಿಮರ್ಶಕರ ಕಡೆಗೇ ವಾಲುತ್ತದೆ. ಆದರೆ ಕಂಪನಿಯನ್ನು ಬೈದು ಕೂತರೆ ಸೊಸೈಟಿಯ ಲೆಕ್ಕ ಮುಗಿಯುವುದಿಲ್ಲ.

ನಿಮ್ಮ ಯಂತ್ರ ಗೆರೆಯ ಯಾವ ಕಡೆ

ಡೆಸ್ಕ್‌ಟಾಪಿನಲ್ಲಿರುವ 'ದಿಸ್ ಪಿಸಿ' ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಪ್ರೊಸೆಸರ್ ಸಾಲಿನಲ್ಲಿ ಕೋರ್ ಐ3, ಐ5 ಅಥವಾ ಐ7 ಎಂದಿದ್ದರೆ, ಅದರ ಮುಂದಿನ ಅಂಕಿ ನೋಡಿ. 4570 ಎಂದರೆ ನಾಲ್ಕನೇ ತಲೆಮಾರು, 6500 ಎಂದರೆ ಆರನೆಯದು. ಇವೆರಡೂ ಹೊರಗೆ. 8400 ಎಂದರೆ ಎಂಟನೆಯದು, ಒಳಗೆ. ಅಂಕಿ 10ರಿಂದ 14ರೊಳಗೆ ಯಾವುದರಿಂದ ಶುರುವಾದರೂ ಚಿಂತೆಯಿಲ್ಲ. ಕೆಲವು ಎಂಟು, ಒಂಬತ್ತನೇ ತಲೆಮಾರಿನ ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. "ನಿಮ್ಮದಕ್ಕೆ ಆಗೋದಿಲ್ಲ, ಹೊಸದೇ ಬೇಕು" ಎಂದು ಅಂಗಡಿಯವರು ಹೇಳಿದರೆ, ಅದನ್ನು ಆನ್ ಮಾಡಿ ನೋಡಿದಿರಾ ಎಂದು ಕೇಳುವುದು ಗಿರಾಕಿಯ ಹಕ್ಕು.

ಗೆರೆಯ ಆಚೆ ಇರುವ ಯಂತ್ರಕ್ಕೂ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಹಾಕಬಹುದು, ಓಡುತ್ತದೆ ಕೂಡ. ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. 2024ರ ಆವೃತ್ತಿಯಿಂದ ತೀರಾ ಹಳೇ ಪ್ರೊಸೆಸರುಗಳಲ್ಲಿ ಅದು ಏಳುವುದೇ ಇಲ್ಲ. ಮನೆಯ ಯಂತ್ರಕ್ಕೆ ಪ್ರಯೋಗ ಮಾಡಿ ನೋಡಬಹುದು. ಮಂಡಿಯ ಲೆಕ್ಕವಿರುವ ಯಂತ್ರಕ್ಕೆ ಬೇಡ.

ಒಂದು ವರ್ಷದ ವಾಯಿದೆ

ಗಡುವಿನ ನಂತರವೂ ಭದ್ರತಾ ತೇಪೆ ಪಡೆಯುವ ಯೋಜನೆಯೊಂದಿದೆ, ಹೆಸರು ಇಎಸ್‌ಯು. ಮನೆಬಳಕೆಯವರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಗೊತ್ತುಮಾಡಿತು. ಸೇರಲು ಮೂರು ದಾರಿ: 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ಕೊಡುವುದು, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡುವುದು, ಇಲ್ಲವೇ ವಿಂಡೋಸ್ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡಿಗೆ ಬ್ಯಾಕಪ್ ಮಾಡಲು ಒಪ್ಪುವುದು. ಮೂರನೆಯದಕ್ಕೆ ದುಡ್ಡಿಲ್ಲ. ಮೂರಕ್ಕೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು, ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು. ಒಮ್ಮೆ ಸೇರಿದರೆ ಅದೇ ಖಾತೆಯಲ್ಲಿ ಹತ್ತು ಯಂತ್ರಗಳವರೆಗೆ ನಡೆಯುತ್ತದೆ. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದರ ಕೊಂಡಿ ಇರುತ್ತದೆ.

ಬ್ಯಾಕಪ್ ಒಪ್ಪುವಾಗ ಒಂದು ಎಚ್ಚರ. ಸೆಟ್ಟಿಂಗು ಮಾತ್ರ ಕಳಿಸಿದರೆ ಸಾಕು. ಕಡತ, ಫೋಟೋಗಳಿಗೂ ಹೂಂ ಅಂದರೆ ಒನ್‌ಡ್ರೈವ್‌ನ ಉಚಿತ 5 ಜಿಬಿ ಒಂದು ಮದುವೆಯ ಫೋಟೋಗೇ ತುಂಬಿ, ಆಮೇಲೆ ಜಾಗ ಕೊಳ್ಳಿ ಎಂಬ ಕಾಟ ಶುರುವಾಗುತ್ತದೆ. ಹೊಸನಗರದ ಒಳಗಿನ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟಿನಿಂದ ಇಂಟರ್ನೆಟ್ ಪಡೆಯುವ ಮನೆಗೆ ಆ ದಿನದ ಡೇಟಾ ಅಲ್ಲಿಗೇ ಖಲಾಸ್.

ಸಂಸ್ಥೆಗಳಿಗೆ ಲೆಕ್ಕವೇ ಬೇರೆ. ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ವರ್ಷ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ 1 ಡಾಲರ್, ಆಮೇಲೆ 2, ಆಮೇಲೆ 4. ಲ್ಯಾಬ್ ಇರುವ ಕಾಲೇಜುಗಳು ಈ ಸಾಲನ್ನು ಓದದೆ ಹೊಸ ಯಂತ್ರಗಳಿಗೆ ಟೆಂಡರ್ ಕರೆದರೆ ಅದು ದುಂದು.

ಈ ಒಂದು ವರ್ಷವನ್ನು "ಮುಂದಿನ ವರ್ಷ ನೋಡೋಣ" ಎಂದು ಕಳೆಯುವವರೇ ಜಾಸ್ತಿ. ಅದು ತಪ್ಪು. ಯಾಕೆಂದರೆ ನಮ್ಮಲ್ಲಿ ಜನರನ್ನು ಹಳೇ ವಿಂಡೋಸಿಗೆ ಕಟ್ಟಿಹಾಕಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರೊಳಗಿನ ಕಡತಗಳು.

ಲಿನಕ್ಸ್ ಹಾಕಿಕೊಳ್ಳಿ ಎನ್ನುವವರಿಗೆ

ಲಿನಕ್ಸ್ ಎಂದರೆ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಉಚಿತ, ಹಳೇ ಯಂತ್ರದಲ್ಲೂ ಚುರುಕು, ತೇಪೆ ಬರುತ್ತಲೇ ಇರುತ್ತದೆ. ಲಿನಕ್ಸ್ ಪರ ವಾದ ಇಷ್ಟು, ಮತ್ತು ಇದು ಪೂರ್ತಿ ನಿಜ. ಜೋರಿನ್ ಎಂಬ ಲಿನಕ್ಸ್ ಬಳಗ ತನ್ನ 18ನೇ ಆವೃತ್ತಿಯನ್ನು ಅದೇ ಅಕ್ಟೋಬರ್ 14ರಂದೇ ಬಿಟ್ಟಿತು, ಬೇಕೆಂದೇ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ. ಸುಮಾರು 3 ಜಿಬಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದರೆ, ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು. ಬ್ರೌಸರ್, ಯೂಟ್ಯೂಬ್, ಮಕ್ಕಳ ಪಾಠ, ಪತ್ರ ಬರೆಯುವುದು ಇಷ್ಟೇ ಬಳಕೆ ಇರುವ ಮನೆಗೆ ನಾಲ್ಕನೇ ತಲೆಮಾರಿನ ಯಂತ್ರ, 8 ಜಿಬಿ ರ‍್ಯಾಮ್, ಜೊತೆಗೆ ಲಿನಕ್ಸ್ ಇದ್ದರೆ ಧಾರಾಳವಾಯಿತು. ನುಡಿ ಕೀಲಿಮಣೆಗೆ ಪಳಗಿದ ಬೆರಳಿಗೂ ತೊಂದರೆಯಿಲ್ಲ, ಅದೇ ಕಗಪ ವಿನ್ಯಾಸ ಲಿನಕ್ಸಿನಲ್ಲೂ ಇದೆ.

ಅಂಗಡಿಗೆ ಬಂದರೆ ಕಥೆ ಬೇರೆ. ಟ್ಯಾಲಿ ವಿಂಡೋಸಿನ ತಂತ್ರಾಂಶ, ಲಿನಕ್ಸಿಗೆ ಅದರ ಆವೃತ್ತಿ ಇಲ್ಲ. ಆಧಾರ್ ಬೆರಳಚ್ಚು ಯಂತ್ರಗಳ ತಂತ್ರಾಂಶ ಬಹುತೇಕ ವಿಂಡೋಸಿಗೆ ಮತ್ತು ಆಂಡ್ರಾಯ್ಡಿಗೆ ಮಾತ್ರ. ನಮ್ಮ ಜೆರಾಕ್ಸ್ ಅಂಗಡಿಗಳ ಕೆಲಸದ ಕುದುರೆಯಾದ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸಿನಲ್ಲಿ ಓಡಿಸಲು ಹೊರಟವರು ಸಾಮಾನ್ಯವಾಗಿ ಒಂದು ಭಾನುವಾರ ಕಳೆದುಕೊಳ್ಳುತ್ತಾರೆ. ಎಚ್‌ಪಿ 1020 ಇದ್ದವರು ಪುಣ್ಯವಂತರು, ಒಂದು ಪ್ಲಗಿನ್ ಹಾಕಿದರೆ ಅದು ನಡೆಯುತ್ತದೆ. ತೀರಾ ಹಳೇ ಡಾಸ್ ಕಾಲದ ಫಾಕ್ಸ್‌ಪ್ರೋ ಲೆಕ್ಕದ ಪ್ರೋಗ್ರಾಮುಗಳದು ಇನ್ನೊಂದು ಫಜೀತಿ. ಅವು 32 ಬಿಟ್ ವಿಂಡೋಸಿನಲ್ಲಿ ಮಾತ್ರ ನೇರವಾಗಿ ಓಡುತ್ತವೆ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್‌ಬಾಕ್ಸಿನಂಥ ಅನುಕರಣೆ ತಂತ್ರಾಂಶದೊಳಗೆ ಓಡಿಸಬೇಕಾಗುತ್ತದೆ.

ಕನ್ನಡ ಕಡತಗಳ ಗಂಟು

ಗಂಟು ಬಿಗಿಯಾಗಿರುವುದು ಇಲ್ಲಿ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯೊಂದರ ಹಾರ್ಡ್‌ಡಿಸ್ಕ್‌ನಲ್ಲಿ ಏನಿರುತ್ತದೆ? ಹದಿನೈದು ಇಪ್ಪತ್ತು ವರ್ಷದ ಕ್ರಯಪತ್ರದ ಮಾದರಿಗಳು, ಮದುವೆ ಕಾಗದಗಳು, ದೇವಸ್ಥಾನದ ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆಗಳು. ಇವನ್ನು ಮಾಡಿದ್ದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ, ಗೊತ್ತೇ ಇಲ್ಲ. ಅಕ್ಷರಗಳು ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿವೆ.

ಈ ಹಳೇ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ್ದಾರೆ. ಫಾಂಟ್ ಇರುವವರೆಗೆ 'ಕನ್ನಡ' ಎಂದು ಕಾಣುತ್ತದೆ, ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಟೋಪಿ, ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಇತ್ತು. ಅದು ವಾಡಿಕೆಗೆ ಬರುವಷ್ಟರಲ್ಲಿ ಅಂಗಡಿಗಳ ಕೈ ಹಳೇ ಪದ್ಧತಿಗೆ ಕೂತಾಗಿತ್ತು.

ಪರಿಣಾಮ ನೋಡಿ. ಅಂಗಡಿಯವರು ಹೊಸ ವಿಂಡೋಸಿಗೆ ಹೆದರುವುದು ಅದರ ಚಹರೆಗಲ್ಲ, ಹಳೇ ಪೇಜ್‌ಮೇಕರ್ ಅಲ್ಲಿ ಏಳದೇ ಹೋದರೆ ಇಪ್ಪತ್ತು ವರ್ಷದ ಮಾದರಿಗಳ ಗತಿ ಏನು ಎಂದು. ಹಾಗಾಗಿ ಹಳೇ ಪ್ರೋಗ್ರಾಮಿಗಾಗಿ ಹಳೇ ವಿಂಡೋಸ್, ಹಳೇ ವಿಂಡೋಸಿಗಾಗಿ ಹಳೇ ಯಂತ್ರ. ಈ ಸರಪಳಿಯನ್ನು ಕಡಿಯಬೇಕಾದ ಕೊಂಡಿ ಯಂತ್ರದ್ದಲ್ಲ, ಕಡತದ್ದು.

ಹಳೇ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಬಹಳ ವರ್ಷದಿಂದ ಇವೆ. ಪಠ್ಯವನ್ನು ನಕಲು ಮಾಡಿ ಹಾಕಿ, ಗುಂಡಿ ಒತ್ತಿದರೆ ಮುಗಿಯಿತು ಎಂದು ಹೇಳುವವರು ಕ್ರಯಪತ್ರವೊಂದನ್ನು ಪರಿವರ್ತಿಸಿ ನೋಡಿರುವುದಿಲ್ಲ. ಸರ್ವೆ ನಂಬರ್ ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಪ್ಯಾನ್ ಸಂಖ್ಯೆಯೂ ಕನ್ನಡ ಅಂದುಕೊಂಡು ಪರಿವರ್ತನೆಯಾಗಿ ಅರ್ಥವಿಲ್ಲದ ಅಕ್ಷರಗಳಾಗಿಬಿಡುತ್ತದೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಸಾಧನ ಇಲ್ಲಿ ಎಡವಿದರೆ 'ಸೂರ್ಯ', 'ಧರ್ಮ' ಎಂಬ ಹೆಸರುಗಳೇ ಕೆಡುತ್ತವೆ. ಆಸ್ತಿ ಪತ್ರದಲ್ಲಿ ಹೆಸರು ಕೆಟ್ಟರೆ ಏನಾಗುತ್ತದೆ ಎಂದು ಉಪನೋಂದಣಿ ಕಚೇರಿಗೆ ಅಲೆದವರನ್ನು ಕೇಳಬೇಕು. ಆದ್ದರಿಂದ ಇದು ಗುಂಡಿ ಒತ್ತುವ ಕೆಲಸವಲ್ಲ, ಕೂತು ಕರಡು ತಿದ್ದುವ ಕೆಲಸ. ಎಲ್ಲವನ್ನೂ ಪರಿವರ್ತಿಸುವ ಅಗತ್ಯವೂ ಇಲ್ಲ. ವಾರಕ್ಕೊಮ್ಮೆಯಾದರೂ ತೆರೆಯುವ ಮಾದರಿಗಳನ್ನು ಮೊದಲು ಯೂನಿಕೋಡಿಗೆ ತಂದು, ಉಳಿದವನ್ನು ಪಿಡಿಎಫ್ ಮಾಡಿ ಇಟ್ಟರೆ ಸಾಕು. ಇಎಸ್‌ಯು ಕೊಟ್ಟಿರುವ ವಾಯಿದೆ ಈ ಕೆಲಸಕ್ಕೆ ಸರಿಹೊಂದುತ್ತದೆ.

ಆ ಮೇಲೂ ಹಳೇ ಪೇಜ್‌ಮೇಕರ್ ಬೇಕೇ ಬೇಕೆಂದರೆ ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಪ್ರಿಂಟರಿಗೆ ಮಾತ್ರ ಕಟ್ಟಿಡಿ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಚುಚ್ಚದಿದ್ದರೆ ಅದು ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಮಲೆನಾಡಿನ ಸಿಡಿಲು ಬಿಟ್ಟರೆ ಎಂಬುದು ಬೇರೆ ಮಾತು. ಮೈಕ್ರೋಸಾಫ್ಟ್‌ಗಿಂತ ಹೆಚ್ಚು ಮದರ್‌ಬೋರ್ಡುಗಳನ್ನು ಇಲ್ಲಿ ಸಿಡಿಲು ಮತ್ತು ಥಂಡಿಯೇ ತಿಂದಿವೆ.

ಹೊಸದು ಕೊಳ್ಳುವುದಾದರೆ

ಹೊಸದು ಕೊಳ್ಳಲು ಇದು ಒಳ್ಳೆಯ ಕಾಲವಲ್ಲ. ಎಐ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ತಮ್ಮ ಉತ್ಪಾದನೆಯನ್ನು ಆ ಕಡೆಗೆ ತಿರುಗಿಸಿವೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜಿಗಿಯಿತು. ಡಿಸೆಂಬರ್ 3ರಂದು ಮೈಕ್ರಾನ್, ನಮ್ಮ ಅಂಗಡಿಗಳಲ್ಲೂ ಸಿಗುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಸೆಪ್ಟೆಂಬರಿನ ಜಿಎಸ್‌ಟಿ ಇಳಿಕೆಯಲ್ಲಿ ಟಿವಿ ಅಗ್ಗವಾಯಿತು, ಲ್ಯಾಪ್‌ಟಾಪ್ ಶೇ 18ರಲ್ಲೇ ಉಳಿಯಿತು.

ಕೊಳ್ಳಲೇಬೇಕಾದವರಿಗೆ ಸೆಕೆಂಡ್ ಹ್ಯಾಂಡ್ ಎಂಟನೇ ಅಥವಾ ಹತ್ತನೇ ತಲೆಮಾರಿನ ಡೆಸ್ಕ್‌ಟಾಪ್ ಒಳ್ಳೆಯ ನಡುದಾರಿ. ಆರು, ಏಳನೇ ತಲೆಮಾರಿನ ಯಂತ್ರಗಳು ಈಗ ಬಹಳ ಅಗ್ಗಕ್ಕೆ ಬರುತ್ತವೆ, "ವಿಂಡೋಸ್ 11 ಹಾಕಿದೆ ಸಾರ್" ಎಂಬ ಮಾತಿನ ಜೊತೆಗೆ. ಅಂಕಿ ನೋಡದೆ ದುಡ್ಡು ಎಣಿಸಬೇಡಿ. ಲಿನಕ್ಸಿಗೆಂದೇ ಕೊಳ್ಳುವುದಾದರೆ ಅದೇ ಯಂತ್ರ ಲಾಭದ ಸರಕು.

ಬ್ಯಾಂಕ್ ಬಗ್ಗೆ ಹೆದರುವವರಿಗೆ ಒಂದು ಮಾತು: ಈಗ ನಮ್ಮ ಹಣದ ವ್ಯವಹಾರ ಬಹುಪಾಲು ಫೋನಿನಲ್ಲಿದೆ. ಕಂಪ್ಯೂಟರಿನ ಬೆಂಬಲ ಮುಗಿಯಿತೆಂದು ಗಾಬರಿಯಾದವರು ಜೇಬಿನಲ್ಲಿರುವ ಫೋನಿಗೆ ಕೊನೆಯ ಭದ್ರತಾ ಅಪ್‌ಡೇಟ್ ಯಾವಾಗ ಬಂತೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಲಿ. ಎರಡು ವರ್ಷದ ಹಿಂದಿನ ತಾರೀಖು ಕಂಡರೆ ಮೊದಲು ಬದಲಿಸಬೇಕಾದದ್ದು ಅದು.

ಕರೆಗಳು ಮತ್ತು ಗುಜರಿ

"ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಮೈಕ್ರೋಸಾಫ್ಟಿನಿಂದ" ಎಂದು ಬರುವ ಕರೆ ಮೋಸದ್ದು. ಮೈಕ್ರೋಸಾಫ್ಟ್ ಯಾರಿಗೂ ಹಾಗೆ ಕರೆ ಮಾಡುವುದಿಲ್ಲ. ಅವರು ಹೇಳಿದ ಆ್ಯಪ್ ಹಾಕಿಕೊಂಡು ದುಡ್ಡು ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ದೂರು ಬೇಗ ಹೋದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಕೈಬಿಡುವ ಯಂತ್ರ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಸೇರಿಸಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ. ನಡೆಯುವುದು ಬೇರೆ: ತೂಕಕ್ಕೆ ಹಾಕಿ, ತಾಮ್ರಕ್ಕಾಗಿ ತಂತಿ ಸುಡುತ್ತಾರೆ. ಸೊಸೈಟಿ, ವಕೀಲರ ಕಚೇರಿ, ಡಿಟಿಪಿ ಅಂಗಡಿಗಳ ಯಂತ್ರದಲ್ಲಿ ಊರಿನವರ ಆಧಾರ್ ಪ್ರತಿ, ಪಹಣಿ, ಸಹಿಗಳೆಲ್ಲ ಇರುತ್ತವೆ. ರೀಸೈಕಲ್ ಬಿನ್ ಖಾಲಿ ಮಾಡಿದರೆ ಅವು ಅಳಿಯುವುದಿಲ್ಲ, ಫಾರ್ಮ್ಯಾಟ್ ಮಾಡಿದರೂ ವಾಪಸು ತೆಗೆಯುವ ತಂತ್ರಾಂಶಗಳಿವೆ. ಯಂತ್ರವನ್ನು ಯಾರಿಗೆ ಕೊಟ್ಟರೂ ಕೊಡಿ. ಹಾರ್ಡ್‌ಡಿಸ್ಕ್ ಹಿಡಿದಿರುವ ನಾಲ್ಕು ಸ್ಕ್ರೂ ಬಿಚ್ಚಿ, ಅದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಳಿಸಿ.